ಎಪ್ಪತ್ತರ ದಶಕದ ಹಾಡುಗಳ ಪರವಾಗಿ

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುವುದಕ್ಕೆ ನಮ್ಮ ಮನೆಯವರೆಲ್ಲ ವರ್ಷಕ್ಕೊಮ್ಮೆ ಸೋಮವಾರಪೇಟೆಯ ಹತ್ತಿರದ ತೋಟದ ಮನೆಯಲ್ಲಿ ಸೇರುತ್ತೇವೆ. ಆಗಸ್ಟ್ ಮೊದಲ ವಾರದ ಮಳೆಗೆ ಸಿಲ್ವರ್ ಮರವೊಂದು ತಂತಿಯ ಮೇಲೆ ಬಿದ್ದು ಈ ಸಲ ಮೂರು ದಿನದಿಂದ ಕರೆಂಟಿರಲಿಲ್ಲ. ಎಲ್ಲರ ಮೊಬೈಲುಗಳೂ ಒಂದೊಂದಾಗಿ ಕಣ್ಣು ಮುಚ್ಚಿದ ಮೇಲೆ, ಒಲೆಯ ಮುಂದೆ ಹಲಸಿನ ಬೀಜ ಸುಡುತ್ತಾ ಕುಳಿತವರ ನಡುವೆ ಹಳೆಯ ಜಗಳವೊಂದು ಮತ್ತೆ ಎದ್ದಿತು: ಕನ್ನಡದಲ್ಲಿ ಅತ್ಯುತ್ತಮ ಹಾಡುಗಳನ್ನು ಕೊಟ್ಟ ದಶಕ ಯಾವುದು? ಆ ರಾತ್ರಿ ನಾನು ಆಡಿದ ಮಾತುಗಳನ್ನೂ, ಆಗ ಹೊಳೆಯದೆ ಮರುದಿನ ಹೊಳೆದ ಮಾತುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭಾವನವರದು ಅರವತ್ತರ ದಶಕದ ಪಕ್ಷ. ಅಣ್ಣನದು ಹಂಸಲೇಖರ ಕಾಲ, ಅಂದರೆ 1987ರಿಂದ ಮುಂದಿನ ಹತ್ತು ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳ ಲೆಕ್ಕ 2006ರಿಂದ ಶುರುವಾಗುತ್ತದೆ. ನಾನು ಎಪ್ಪತ್ತರ ದಶಕದವಳು. ಪಂಚಾಂಗದ ಹತ್ತು ವರ್ಷವನ್ನು ಗೆರೆ ಕೊರೆದಂತೆ ಹಿಡಿಯದೆ, 1971ರ ‘ಶರಪಂಜರ’ದಿಂದ 1981ರ ‘ಗೀತಾ’ದವರೆಗಿನ ಅವಧಿಯನ್ನು ನಾನು ಎಪ್ಪತ್ತರ ದಶಕ ಎನ್ನುತ್ತೇನೆ. ಇದಕ್ಕೆ ಅಣ್ಣ ಆಕ್ಷೇಪಿಸಿದ. ಆದರೆ ಅವನ ದಶಕವೂ 1987ಕ್ಕೆ ಶುರುವಾಗಿ 1997ಕ್ಕೆ ಮುಗಿಯುವುದರಿಂದ ಆ ಆಕ್ಷೇಪ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಭಾವನವರ ವಾದವನ್ನು ಎದುರಿಸುವುದು ಎಲ್ಲಕ್ಕಿಂತ ಕಷ್ಟದ್ದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 1963ರ ‘ಕುಲವಧು’ ಚಿತ್ರದಲ್ಲಿ ಬೇಂದ್ರೆಯವರ ಯುಗಾದಿಯ ಕವಿತೆಯನ್ನು ಎಸ್. ಜಾನಕಿ ಹಾಡಿದ್ದಾರೆ. 1966ರ ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿಯವರೇ ಬಂದು ಹಾಡಿದ್ದಾರೆ. 1967ರ ‘ಬೆಳ್ಳಿ ಮೋಡ’ದಲ್ಲಿ ವಿಜಯಭಾಸ್ಕರ್ ಅವರು ಬೇಂದ್ರೆಯವರ ‘ಬೆಳಗು’ ಕವಿತೆಗೆ ಹಾಕಿದ ರಾಗವನ್ನು ಬಿಟ್ಟು ಆ ಕವಿತೆಯನ್ನು ಓದುವುದೇ ಈಗ ನಮಗೆ ಸಾಧ್ಯವಾಗದು. ಇವುಗಳ ಎತ್ತರದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಮಾತು ಇಷ್ಟೇ: ಅರವತ್ತರಲ್ಲಿ ಶಿಖರಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು, ಎಪ್ಪತ್ತರಲ್ಲಿ ನೆಲವೇ ಎತ್ತರಕ್ಕೆ ಏರಿತು. ಯಾವುದೋ ಸಾಧಾರಣ ಚಿತ್ರ, ಯಾರಿಗೂ ಕಥೆ ನೆನಪಿಲ್ಲ, ಆದರೂ ಅದರ ಎರಡು ಹಾಡುಗಳು ಮಾತ್ರ ಇಂದಿಗೂ ಬಾಯಲ್ಲಿವೆ ಎನ್ನುವ ಸ್ಥಿತಿ ಬಂದದ್ದು ಆಗಲೇ.

ಆ ಹತ್ತು ವರ್ಷಗಳಲ್ಲಿ ಯಾರು ಯಾರು ಒಟ್ಟಿಗೆ ಕೆಲಸ ಮಾಡುತ್ತಿದ್ದರು ಎಂಬುದನ್ನು ನೋಡಬೇಕು. ಜಿ.ಕೆ. ವೆಂಕಟೇಶ್ 1972ರಲ್ಲಿ ‘ಬಂಗಾರದ ಮನುಷ್ಯ’ ಕೊಟ್ಟರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ರಾಜ್‌ಕುಮಾರ್ ಅವರಿಂದಲೇ ಎಮ್ಮೆಯ ಮೇಲಿನ ಹಾಡನ್ನು ಹಾಡಿಸಿದರು. ಅಲ್ಲಿಂದ ಮುಂದೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರ 1973ರಲ್ಲಿ ‘ಗಂಧದ ಗುಡಿ’, 1974ರಲ್ಲಿ ‘ಎರಡು ಕನಸು’, 1976ರಲ್ಲಿ ‘ಬಯಲು ದಾರಿ’ ಎಂದು ಒಂದರ ಹಿಂದೆ ಒಂದು ಕೊಟ್ಟರು. ವಿಜಯಭಾಸ್ಕರ್ ಅವರು ಪುಟ್ಟಣ್ಣ ಕಣಗಾಲರಿಗಾಗಿ ‘ಶರಪಂಜರ’ವನ್ನೂ ‘ನಾಗರಹಾವು’ ಚಿತ್ರವನ್ನೂ ಮಾಡಿದರು. ಮೂವರ ಮನೋಧರ್ಮವೂ ಬೇರೆ ಬೇರೆ. ವೆಂಕಟೇಶ್ ಅವರ ಹಾಡಿನಲ್ಲಿ ಗಾಂಭೀರ್ಯ ಇದ್ದರೆ, ರಾಜನ್–ನಾಗೇಂದ್ರರಲ್ಲಿ ಮಾಧುರ್ಯವಿದೆ. ವಿಜಯಭಾಸ್ಕರ್ ಅವರ ಹಾಡು ಮಾತ್ರ ಪಾತ್ರದ ಮನಸ್ಸಿನೊಳಗಿನಿಂದಲೇ ಹೊರಡುವಂತಿರುತ್ತದೆ. ಒಂದೇ ಕಾಲದಲ್ಲಿ ಇಂಥ ಮೂರು ದಾರಿಗಳು ತೆರೆದಿದ್ದ ದಶಕ ಇನ್ನೊಂದಿಲ್ಲ. 1981ರಲ್ಲಿ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟ ಇಳಯರಾಜರು ಅದಕ್ಕೆ ಮೊದಲು ಇದೇ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ದವರು ಎಂಬುದನ್ನು ಸೇರಿಸಿದರೆ, ಮುಂದಿನ ದಶಕದ ಹೊಸತನಕ್ಕೂ ಸಸಿಮಡಿ ಇಲ್ಲಿಯೇ ಸಿದ್ಧವಾಗಿತ್ತು ಎನ್ನಬಹುದು.

ಸಿನಿಮಾದ ಹೊರಗೂ ಅಷ್ಟೇ. ಕವಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದು, ಭಾವಗೀತೆಯನ್ನು ಕವಿಗೋಷ್ಠಿಯ ವೇದಿಕೆಯಿಂದ ನೇರವಾಗಿ ನಮ್ಮ ಅಡುಗೆಮನೆಗೆ ತಂದಿತು. 1975ರ ‘ಹಂಸಗೀತೆ’ಗಾಗಿ ಎಂ. ಬಾಲಮುರಳಿಕೃಷ್ಣ ಅವರಿಗೂ, ಕೆಲವೇ ವರ್ಷಗಳ ಅನಂತರ ಕಂಬಾರರ ‘ಕಾಡು ಕುದುರೆ’ಯ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣ ಅವರಿಗೂ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದಿತು. ಒಂದು ಶುದ್ಧ ಶಾಸ್ತ್ರೀಯ, ಇನ್ನೊಂದು ಜಾನಪದದ ಬನಿಯುಳ್ಳದ್ದು. 1992ರ ‘ಜೀವನಚೈತ್ರ’ಕ್ಕೆ ರಾಜ್‌ಕುಮಾರ್ ಅವರಿಗೂ ಅದೇ ಪ್ರಶಸ್ತಿ ಬಂದಿದೆಯಲ್ಲ ಎಂದು ಅಣ್ಣ ನೆನಪಿಸಿದ. ಬಂದಿದೆ, ಆದರೆ ಹಾಡಲು ಒಲ್ಲೆನೆನ್ನದೆ ಆ ಕಂಠ ಮೈಕಿನ ಮುಂದೆ ನೆಲೆ ನಿಂತದ್ದು 1974ರಲ್ಲಿ.

ಅಣ್ಣನ ಮಗಳು ಎತ್ತಿದ ಪ್ರಶ್ನೆಗಳಲ್ಲಿ ಮೊದಲನೆಯದು ಗಾಯಕರದ್ದು. ಈಗಿನ ಹಾಡುಗಳನ್ನು ಮುಂಬಯಿಯವರು ಹಾಡುತ್ತಾರೆ, ಅವರಿಗೆ ಕನ್ನಡ ಬಾರದು ಎಂದು ನಾನು ಹೇಳಿದ ಕೂಡಲೇ ಆಕೆ, “ಅತ್ತೆ, ನಿಮ್ಮ ಪಿ.ಬಿ. ಶ್ರೀನಿವಾಸ್, ಜಾನಕಿ, ಸುಶೀಲಾ, ಬಾಲಸುಬ್ರಹ್ಮಣ್ಯಂ, ವಾಣಿ ಜಯರಾಂ, ಇವರಲ್ಲಿ ಯಾರ ಮನೆಮಾತು ಕನ್ನಡ?” ಎಂದು ಕೇಳಿದಳು. ಒಬ್ಬರದ್ದೂ ಅಲ್ಲ. ಈ ಪ್ರಶ್ನೆ ನನ್ನನ್ನು ರಾತ್ರಿಯಿಡೀ ಕಾಡಿತು. ವ್ಯತ್ಯಾಸ ಹುಟ್ಟಿನಲ್ಲಿ ಇಲ್ಲದಿದ್ದರೆ ಕೆಲಸದ ಕ್ರಮದಲ್ಲಿ ಇರಲೇಬೇಕು ಎಂಬುದು ಈಗ ನನಗೆ ಸ್ಪಷ್ಟವಾಗಿದೆ. ಆಗ ಮದರಾಸಿನ ಸ್ಟುಡಿಯೋಗಳಲ್ಲಿ ಗಾಯಕರೂ ವಾದ್ಯಗಾರರೂ ಒಟ್ಟಿಗೆ ಕುಳಿತು ಒಂದೇ ಉಸಿರಿನಲ್ಲಿ ಹಾಡನ್ನು ಮುಗಿಸಬೇಕಿತ್ತು. ಪಿಟೀಲಿನವರೊಬ್ಬರು ತಪ್ಪಿದರೂ ಮೊದಲಿನಿಂದ ಆರಂಭಿಸಬೇಕಾದ್ದರಿಂದ ಅಭ್ಯಾಸಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಸಾಹಿತ್ಯ ಬರೆದವರು ಪಕ್ಕದಲ್ಲಿ ಕುಳಿತು ಒಂದೊಂದು ಅಕ್ಷರವನ್ನೂ ತಿದ್ದಬಹುದಿತ್ತು. ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಹಾಡಿನಲ್ಲಿ ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಅವರು ಒಂದು ಒತ್ತಕ್ಷರವನ್ನೂ ನುಂಗದೆ, ಹಾಗೆಂದು ಒತ್ತಿ ಹೇಳಿ ಸಾಲನ್ನು ಒರಟು ಮಾಡದೆ ಸಾಗುವುದನ್ನು ಕೇಳಿದರೆ ಆ ಶ್ರಮ ತಿಳಿಯುತ್ತದೆ. ಇಂದು ಬೇರೆ ಊರಿನಲ್ಲಿ, ಬೇರೆ ದಿನ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನಿಂತು ಸಾಲು ಸಾಲಾಗಿ ಹಾಡಿ ಹೋಗುವ ಗಾಯಕರ ದೋಷ ಅವರದ್ದಲ್ಲ, ಅವರ ಪಕ್ಕದಲ್ಲಿ ಯಾರೂ ಇಲ್ಲದಿರುವುದರದ್ದು.

ಎರಡನೆಯ ಪ್ರಶ್ನೆ ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ಕೊಡಗಿನಲ್ಲಿ ಹತ್ತು ಮೈಲಿಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು ಎಲ್ಲವೂ ಕೇಳಿಬರುತ್ತವೆ. ನಮ್ಮ ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ ಇದ್ದವರಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಾಗಿರಲಿಲ್ಲ. ಆದರೂ ಕಾಫಿ ಕೊಯ್ಯುವಾಗ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದುದು ‘ಬಯಲು ದಾರಿ’ಯ ‘ಬಾನಲ್ಲು ನೀನೆ’. ಇದನ್ನು ನಾನು ಆ ಹಾಡುಗಳ ದೊಡ್ಡತನಕ್ಕೆ ಸಾಕ್ಷಿ ಎಂದು ಹೇಳಿದೆ. “ಆಗ ಇದ್ದದ್ದು ಒಂದು ರೇಡಿಯೋ, ಬೇರೆ ಏನು ಕೇಳಬೇಕಿತ್ತು ಅವರು?” ಎಂಬುದು ಅಣ್ಣನ ಮಗಳ ಉತ್ತರ. ನ್ಯಾಯವಾದ ಮಾತು. ಆಗ ಮಡಿಕೇರಿಯಲ್ಲಿ ಇನ್ನೂ ಆಕಾಶವಾಣಿ ಕೇಂದ್ರವಿರಲಿಲ್ಲ. ಮೈಸೂರು, ಬೆಂಗಳೂರು, ಆಮೇಲೆ ಮಂಗಳೂರು ಕೇಂದ್ರಗಳನ್ನು ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸಿ ತಿರುಗಿಸಿ ಹಿಡಿಯಬೇಕಿತ್ತು. ಮಳೆಗಾಲದಲ್ಲಂತೂ ಅರ್ಧ ಹಾಡು, ಅರ್ಧ ಗರಗರ ಸದ್ದು. ಆಯ್ಕೆ ಇಲ್ಲದ್ದರಿಂದ ಎಲ್ಲರೂ ಅದನ್ನೇ ಕೇಳಿದರು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಆ ರೇಡಿಯೋದಲ್ಲಿ ಬಂದ ನೂರಾರು ಹಾಡುಗಳನ್ನು ಅದೇ ಜನ ಮರೆತರು. ಕೇಳಿಸಿಕೊಂಡದ್ದಕ್ಕೆ ಆಯ್ಕೆಯ ಕೊರತೆ ಕಾರಣವಿರಬಹುದು, ಐವತ್ತು ವರ್ಷ ನೆನಪಿಟ್ಟುಕೊಂಡದ್ದಕ್ಕೆ ಅದು ಕಾರಣವಾಗಲಾರದು.

ಯೌವನದಲ್ಲಿ ಕೇಳಿದ ಹಾಡೇ ಎಲ್ಲರಿಗೂ ಶ್ರೇಷ್ಠವೆನಿಸುತ್ತದೆ ಎಂಬ ಮಾತು ಇಂಥ ಚರ್ಚೆಯಲ್ಲಿ ಬಂದೇ ಬರುತ್ತದೆ, ಅಂದೂ ಬಂತು. ನನ್ನ ಮಟ್ಟಿಗೆ ಅದು ನಿಜವಲ್ಲ. ಹೈಸ್ಕೂಲಿನ ದಿನಗಳಲ್ಲಿ ನಮಗೆ ಹಿಂದಿ ಹಾಡುಗಳ ಹುಚ್ಚು. ಕನ್ನಡದ ಹಾಡು ಮನೆಯ ಊಟದಂತೆ, ಇದ್ದೇ ಇರುತ್ತದೆ ಎಂಬ ಭಾವನೆ. ರಾಜನ್–ನಾಗೇಂದ್ರರನ್ನು ನಾನು ಗಮನವಿಟ್ಟು ಕೇಳಿದ್ದು ಮೂವತ್ತು ದಾಟಿದ ಮೇಲೆ, ಮಗುವನ್ನು ಮಲಗಿಸಲು ಹಾಡು ಬೇಕಾದಾಗ. ಅಣ್ಣ ನನಗಿಂತ ಎರಡೇ ವರ್ಷಕ್ಕೆ ಹಿರಿಯ. ಅವನ ಯೌವನವೂ ಅದೇ ದಶಕದ್ದಾದರೂ ಅವನು ಆರಿಸಿಕೊಂಡದ್ದು ಹಂಸಲೇಖರನ್ನು.

ಹಂಸಲೇಖರ ಬಗ್ಗೆ ಅಣ್ಣ ಹೇಳುವುದರಲ್ಲಿ ಬಹಳ ಸತ್ಯವಿದೆ. ಸಾಹಿತ್ಯ, ಸಂಗೀತ ಎರಡೂ ಒಬ್ಬರದ್ದೇ ಆದಾಗ ಮಾತಿಗೂ ಮಟ್ಟಿಗೂ ನಡುವೆ ಬೆಸುಗೆಯ ಗುರುತೇ ಕಾಣುವುದಿಲ್ಲ. ಆಡುಮಾತಿನ ಲಯವನ್ನು ಅವರಷ್ಟು ಚೆನ್ನಾಗಿ ಹಾಡಿಗೆ ತಂದವರಿಲ್ಲ. 1987ರ ‘ಪ್ರೇಮಲೋಕ’ದ ಕ್ಯಾಸೆಟ್ ಇಲ್ಲದ ಜೀಪು ನಮ್ಮ ಕಡೆ ಇರಲಿಲ್ಲ. ಆದರೂ ಆ ಕರೆಂಟಿಲ್ಲದ ಮನೆಯಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಅಣ್ಣ ‘ಪ್ರೇಮಲೋಕ’ದ ಹಾಡೊಂದನ್ನು ಎತ್ತಿಕೊಂಡಾಗ, ಸಾಲಿನ ನಡುವಿನ ವಾದ್ಯದ ಭಾಗಗಳನ್ನೂ, ಡ್ರಮ್ಮಿನ ಪೆಟ್ಟನ್ನೂ ಬಾಯಲ್ಲೇ ನುಡಿಸಬೇಕಾಯಿತು, ಅದಿಲ್ಲದೆ ಹಾಡು ಮುಂದಕ್ಕೆ ಹೋಗಲೊಲ್ಲದು. ಆ ಹಾಡಿನ ಸೌಂದರ್ಯದ ಒಂದು ದೊಡ್ಡ ಪಾಲು ಯಂತ್ರದ ಬಳಿ ಉಳಿದುಬಿಟ್ಟಿದೆ. ‘ಬಾನಲ್ಲು ನೀನೆ’ಗೆ ಬೇಕಾದದ್ದು ಒಂದು ಕೊರಳು ಮಾತ್ರ. ಮಳೆ ಹಂಚಿನ ಮೇಲೆ ಸುರಿಯುತ್ತಿದ್ದರೂ ಅದು ಪೂರ್ತಿಯಾಗಿ ನಿಂತಿತು. ಹಾಡನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಕೋಲು ಗೊತ್ತಿಲ್ಲ, ಏಕೆಂದರೆ ಜನ ಹಾಡನ್ನು ಇಟ್ಟುಕೊಳ್ಳುವುದು ಕೊನೆಗೂ ಕೊರಳಿನಲ್ಲಿ.

ಇದೇ ಕೋಲಿನಲ್ಲಿ ಅಳೆದಾಗ 2006ರ ‘ಮುಂಗಾರು ಮಳೆ’ ಸೋಲಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮದೇ ಬೆಟ್ಟಗಳ ಮಳೆಯನ್ನು ಊರಿಗೆಲ್ಲ ತೋರಿಸಿದ ಆ ಚಿತ್ರದ ‘ಅನಿಸುತಿದೆ ಯಾಕೋ ಇಂದು’ ಹಾಡನ್ನು ಅಣ್ಣನ ಮಗಳು ಬರಿಯ ಕೊರಳಲ್ಲಿ ಹಾಡಿದಾಗ ಭಾವನವರೂ ಬೀಜ ಸುಲಿಯುವುದನ್ನು ನಿಲ್ಲಿಸಿದರು. ಮನೋಮೂರ್ತಿಯವರು ಮಾತಿಗೆ ಜಾಗ ಬಿಟ್ಟಿದ್ದಾರೆ, ಜಯಂತ ಕಾಯ್ಕಿಣಿಯವರು ಆ ಜಾಗದಲ್ಲಿ ಹೊಸ ಮಾತನ್ನೇ ಇಟ್ಟಿದ್ದಾರೆ. ನನಗೆ ಅದು ಎಪ್ಪತ್ತರ ದಶಕದ ಗುಣವೇ ಮೂವತ್ತು ವರ್ಷಗಳ ಮೇಲೆ ಮರಳಿ ಬಂದಂತೆ ಕೇಳಿಸಿತು. ಆದರೆ ಅನಂತರ ಬಂದ ಹಾಡುಗಳಲ್ಲಿ ಅದೇ ಮಳೆ, ಅದೇ ಕನಸು, ಅದೇ ಮೌನಗಳನ್ನು ಎಷ್ಟು ಸಲ ತಿರುವಿಹಾಕಿದರೆಂದರೆ, ಕೆಲವೇ ವರ್ಷಗಳಲ್ಲಿ ಹೊಸ ನುಡಿಗಟ್ಟು ಸವೆದ ನಾಣ್ಯದಂತಾಯಿತು. ಒಂದು ಚಿತ್ರದಿಂದ ದಶಕವನ್ನು ಗೆಲ್ಲಿಸಲಾಗದು.

ನನ್ನ ದಶಕದಲ್ಲಿ ಕೊರತೆಗಳಿಲ್ಲವೆಂದಲ್ಲ. ಹಿಂದಿಯ ಮಟ್ಟುಗಳನ್ನು ನೇರವಾಗಿ ಎತ್ತಿಕೊಂಡ ಹಾಡುಗಳು ಆಗಲೂ ಇದ್ದವು. ಹೆಣ್ಣನ್ನು ದೇವತೆ ಇಲ್ಲವೇ ಮಾರಿ ಎಂದಲ್ಲದೆ ಬೇರೆ ಬಗೆಯಲ್ಲಿ ನೋಡಲು ಅನೇಕ ಗೀತೆಗಳಿಗೆ ಬರುತ್ತಲೇ ಇರಲಿಲ್ಲ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳಾಗಿ ನನಗೆ ಅವುಗಳನ್ನು ಈಗ ಕೇಳುವುದು ಕಷ್ಟ.

ಕೊನೆಗೆ ಅಣ್ಣ ಇಟ್ಟ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರ ಸಿಕ್ಕಿಲ್ಲ. ಕೊಡಗಿನವರಾಗಿ ನಮಗೆ ನಮ್ಮ ಹಾಡು ಯಾವುದು ಎಂದು ಅವನು ಕೇಳಿದ. ನಾನು ‘ಶರಪಂಜರ’ದ ‘ಕೊಡಗಿನ ಕಾವೇರಿ’ ಎಂದೆ. ಅವನು 1990ರ ‘ಮುತ್ತಿನ ಹಾರ’ ಎಂದ. ಮೊದಲನೆಯದರಲ್ಲಿ ಕೊಡಗು ಚೆಲುವೆಯಂಥ ಹೊಳೆ, ಹಸುರು ಬೆಟ್ಟ, ಹೊರಗಿನಿಂದ ಬಂದ ಪ್ರೇಮಿಗಳು ನಿಂತು ನೋಡುವ ನೋಟ. ಎರಡನೆಯದರಲ್ಲಿ ಕೊಡಗು ಎಂದರೆ ಯುದ್ಧಕ್ಕೆ ಹೋದ ಸಿಪಾಯಿ, ಅವನಿಗಾಗಿ ಕಾಯುವ ಮನೆ, ಬಾರದೆ ಹೋದವರು. ಬಾಲಮುರಳಿಕೃಷ್ಣ ಅವರ ಕಂಠದಲ್ಲಿ ‘ದೇವರು ಹೊಸೆದ ಪ್ರೇಮದ ದಾರ’ ಶುರುವಾದರೆ, ಸೇನೆಯಲ್ಲಿದ್ದ ನಮ್ಮ ದೊಡ್ಡಪ್ಪನ ಫೋಟೋ ಇರುವ ಗೋಡೆಯ ಕಡೆಗೆ ನಮ್ಮ ಕಣ್ಣು ತಾನಾಗಿ ತಿರುಗುತ್ತದೆ. ನಮ್ಮ ನಾಡನ್ನು ಹೊರಗಿನಿಂದ ಹೊಗಳಿದ ಹಾಡಿಗಿಂತ, ಒಳಗಿನಿಂದ ಅರಿತು ಬರೆದ ಹಾಡು ದೊಡ್ಡದು ಎಂದು ಅವನು ಹೇಳಿದಾಗ ನಾನು ಸುಮ್ಮನಾದೆ. ಆ ಒಂದು ಚಿತ್ರದ ಮಟ್ಟಿಗೆ ಅಣ್ಣನಿಗೆ ಸೋಲೊಪ್ಪಿಕೊಂಡಿದ್ದೇನೆ. ದಶಕವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.