ಕಡತ ಬದಲಾದಾಗ

ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿ 2022ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗ, ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗವಾಯಿತು. ವಿಳಂಬ ತಪ್ಪಿಸುವುದು ಅದರ ಉದ್ದೇಶವಾಗಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಕಿ ಇದ್ದ ಪ್ರಕರಣಗಳನ್ನೂ ವರ್ಗಾಯಿಸಬೇಕೆಂದಾಗ ಅದರ ವೆಚ್ಚ ಯಾರ ತಲೆಗೆ ಬಿತ್ತು ಎಂಬುದನ್ನು ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಕಂಡೆ.

ಆ ದಂಪತಿಯ ಮನೆಗೆ ಮಗು ಆಗಲೇ ಬಂದಿತ್ತು, ಹೊಸ್ತಿಲು ಹಿಡಿದು ನಿಲ್ಲಲು ಕಲಿತಿತ್ತು. ಆದೇಶ ಮಾತ್ರ ಬಂದಿರಲಿಲ್ಲ, ಆದ್ದರಿಂದ ಜನನ ಪ್ರಮಾಣಪತ್ರದಲ್ಲಿ ಅವರ ಹೆಸರೂ ಇರಲಿಲ್ಲ. ಕಡತ ಎಲ್ಲಿದೆಯೆಂದು ಕೇಳಿದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತಿತ್ತು. ಹೊಸ ಅಫಿಡವಿಟ್, ನೋಟರಿ, ವಕೀಲರ ಶುಲ್ಕ, ಅರ್ಧ ದಿನದ ರಜೆಗಳು (ಆಕೆ ಅವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತಿಸಿದ್ದರು) ಸರ್ಕಾರದ ಯಾವ ಲೆಕ್ಕಪತ್ರಕ್ಕೂ ಸೇರುವಂಥವಲ್ಲ.

ಅರ್ಜಿಯನ್ನು ಎರಡು ತಿಂಗಳೊಳಗೆ ಇತ್ಯರ್ಥಪಡಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಮಳೆಗಾಲದ ಕಡಲ್ಕೊರೆತ, ಗುಡ್ಡ ಕುಸಿತ, ಚುನಾವಣೆ ಎಲ್ಲವನ್ನೂ ಹೊತ್ತ ಅಧಿಕಾರಿಯ ಮೇಜಿಗೆ ಇನ್ನೊಂದು ಹೊಣೆಯನ್ನು ಇಡುವಾಗ ಅದಕ್ಕೆ ತಕ್ಕ ಸಿಬ್ಬಂದಿ, ತರಬೇತಿ ಬೇಡವೇ? ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬೇಕು. ಕರಾವಳಿಯವರಾದ ನಮಗೆ ಅದರ ಅರ್ಥ ಘಟ್ಟ ಹತ್ತಿ ಮೈಸೂರಿಗೆ ಹೋಗುವುದು.

ಅವರ ಆದೇಶ ಕೊನೆಗೂ ಬಂದಿತು. ಅದನ್ನು ತಂದ ದಿನ ಮಗು ಅದರ ಒಂದು ಮೂಲೆಯನ್ನು ಬಾಯಿಗೆ ಹಾಕಿಕೊಂಡಿತ್ತು.