ರೆಸೊಲ್ಯೂಟ್–ಗ್ರೀಸ್ ಫಿಯರ್ಡ್: 383 ಕಿ.ಮೀ. ಹಾರಾಟದ ಅಸಲಿ ಲೆಕ್ಕ

ಕೆನಡಾದ ನುನಾವುಟ್‌ನಲ್ಲಿರುವ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಲು ರಸ್ತೆ ಇಲ್ಲ. ಅವುಗಳಲ್ಲಿ ತೀರಾ ಉತ್ತರದ ಎರಡು ಊರುಗಳೇ ರೆಸೊಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್. ನರ್ಸ್, ಮೇಷ್ಟ್ರು, ಎಂಜಿನಿಯರ್ ಎಂದು ಕೆಲಸ ಒಪ್ಪಿಕೊಂಡವರು ಮೊದಲು ಮೊಬೈಲಿನ ನಕ್ಷೆ ತೆರೆಯುತ್ತಾರೆ, ಅಲ್ಲೇ ಎಡವುತ್ತಾರೆ. ಚಪ್ಪಟೆ ನಕ್ಷೆ 75 ಡಿಗ್ರಿ ಉತ್ತರದಲ್ಲಿ ದೂರವನ್ನು ಹೆಚ್ಚುಕಡಿಮೆ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ದೂರವನ್ನು ಕಾಗದದ ಮೇಲೆಯೇ ತೆಗೆಯಬಹುದು. ರೆಸೊಲ್ಯೂಟ್ ನಿಲ್ದಾಣ 74.72 ಉತ್ತರ, 94.97 ಪಶ್ಚಿಮ, ಗ್ರೀಸ್ ಫಿಯರ್ಡ್ 76.43 ಉತ್ತರ, 82.91 ಪಶ್ಚಿಮ. ಅಕ್ಷಾಂಶದ ವ್ಯತ್ಯಾಸ 1.71, ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ 190 ಕಿ.ಮೀ. ರೇಖಾಂಶದ ವ್ಯತ್ಯಾಸ 12.06. ಇದನ್ನೂ ಬರೀ 111ರಿಂದ ಗುಣಿಸಿದರೆ 1,339 ಬಂದು ಲೆಕ್ಕ ಕೆಡುತ್ತದೆ. ಧ್ರುವದ ಕಡೆ ರೇಖಾಂಶಗಳು ಒತ್ತೊತ್ತಾಗುವುದರಿಂದ ಸರಾಸರಿ ಅಕ್ಷಾಂಶದ ಕೊಸೈನ್ 0.249ರಿಂದಲೂ ಗುಣಿಸಬೇಕು, ಆಗ 333. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 383 ಕಿ.ಮೀ. ಇನ್ನೊಂದು ಮಾಮೂಲಿ ತಪ್ಪು: 76 ಡಿಗ್ರಿ 25 ನಿಮಿಷವನ್ನು 76.25 ಎಂದು ಬರೆಯುವುದು. ನಿಮಿಷವನ್ನು 60ರಿಂದ ಭಾಗಿಸಬೇಕು, ಅದು 76.42.

ಅಂದರೆ ದೇವನಹಳ್ಳಿಯಿಂದ ಹುಬ್ಬಳ್ಳಿಗಿಂತ ಸ್ವಲ್ಪವೇ ಹೆಚ್ಚು. ಆದರೆ ಇಲ್ಲಿ ಪೈಲಟ್ ಹಿಡಿಯುವ ಲೆಕ್ಕ 383 ಅಲ್ಲ, 766. ಗ್ರೀಸ್ ಫಿಯರ್ಡ್‌ನ ರನ್‌ವೇ ಜಲ್ಲಿಯದು, 600 ಮೀಟರಿಗೂ ಕಡಿಮೆ, ಪಕ್ಕದಲ್ಲೇ ಬೆಟ್ಟ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿ ನೀರು ತೆರೆದುಕೊಂಡರೆ ಮಬ್ಬು ಕವಿಯುತ್ತದೆ. ಚಳಿಗಾಲದಲ್ಲಿ ಗಾಳಿ, ಜೊತೆಗೆ ತಿಂಗಳುಗಟ್ಟಲೆ ಸೂರ್ಯನೇ ಇಲ್ಲದ ಕತ್ತಲು. ಇಳಿಯಲಾಗದೆ ತಿರುಗಿ ಬರಬೇಕಾದರೂ ಸಾಲುವಷ್ಟು ಇಂಧನ ಹೊತ್ತೇ ಹೊರಡಬೇಕು.

ಓಡುವುದು ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ: ಎರಡು ಪ್ರೊಪೆಲ್ಲರ್, ಗರಿಷ್ಠ 19 ಸೀಟು, ಗಂಟೆಗೆ ಸುಮಾರು 275 ಕಿ.ಮೀ. ಹೋಗಿಬರಲು ಎರಡೂಮುಕ್ಕಾಲು ಗಂಟೆ, ಮೇಲೆ 45 ನಿಮಿಷದ ಮೀಸಲು. ಗಂಟೆಗೆ 270 ಕೆ.ಜಿ. ಎಂದು ಹಿಡಿದರೂ 950 ಕೆ.ಜಿ. ಇಂಧನ. ಉಳಿದ ತೂಕದಲ್ಲಿ ಜನ, ಟಪಾಲು, ಹಾಲು-ತರಕಾರಿ ಎಲ್ಲ ಹಿಡಿಯಬೇಕು. ಹಾಗಾಗಿ 19 ಸೀಟು ಎಂಬುದು ಹೆಸರಿಗಷ್ಟೇ. ಪ್ರಯಾಣಿಕರ ತೂಕವೂ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಸೂಟ್‌ಕೇಸ್ ಮುಂದಿನ ವಿಮಾನಕ್ಕೆ ಉಳಿದರೂ ಉಳಿಯಿತು. ಔಷಧಿ, ಕನ್ನಡಕ, ಎರಡು ಜೊತೆ ಒಳಉಡುಪು ಕೈಚೀಲದಲ್ಲಿರಲಿ. ದಪ್ಪ ಕೋಟು, ಬೂಟು ಮೈಮೇಲೇ ಇರಲಿ. ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಿಂದ ಮುಂದಿನ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಬೇಡಿ.

ದಿಕ್ಸೂಚಿಯನ್ನೂ ಇಲ್ಲಿ ನಂಬುವಂತಿಲ್ಲ. ಕಾಂತಧ್ರುವ ಈಗ ದೂರ ಸರಿದಿದ್ದರೂ ಸೂಜಿ ನೆಟ್ಟಗೆ ತೋರದ ಈ ವಲಯದಲ್ಲಿ, ರನ್‌ವೇಯ ದಿಕ್ಕು ಹೇಳುವ ಸಂಖ್ಯೆಗಳನ್ನೂ ನಿಜ ಉತ್ತರಕ್ಕೆ, ಅಂದರೆ ಭೂಗೋಳದ ಉತ್ತರ ಧ್ರುವದ ದಿಕ್ಕಿಗೆ, ಅಳೆದೇ ಕೊಟ್ಟಿರುತ್ತಾರೆ.

ಇಷ್ಟು ದೂರ ಊರು ಕಟ್ಟಿದ್ದಾದರೂ ಯಾಕೆ ಎಂದರೆ, 1953ರಲ್ಲಿ ಸರ್ಕಾರ ಸುಮಾರು 2,000 ಕಿ.ಮೀ. ದಕ್ಷಿಣದ, ಕ್ವಿಬೆಕ್ ಪ್ರಾಂತ್ಯದ ಇನುಕ್ಜುವಾಕ್‌ನಿಂದ ಇನುಯಿಟ್ ಮೂಲನಿವಾಸಿ ಕುಟುಂಬಗಳನ್ನು ತಂದು ಇಲ್ಲಿ ಇಳಿಸಿತು. ಕ್ಷಮೆ ಕೇಳಿದ್ದು 2010ರಲ್ಲಿ.

ಟಿಕೆಟ್ ಓದುವಾಗ ಒಂದು ವಿಷಯ ನೋಡಿಕೊಳ್ಳಿ. ಗ್ರೀಸ್ ಫಿಯರ್ಡ್‌ನ ಗಡಿಯಾರ ರೆಸೊಲ್ಯೂಟ್‌ಗಿಂತ ಒಂದು ಗಂಟೆ ಮುಂದಿದೆ. ಅದೇ ಹಾರಾಟ ಹೋಗುವಾಗ ಹೆಚ್ಚುಕಡಿಮೆ ಎರಡೂವರೆ ಗಂಟೆ, ಬರುವಾಗ ಅರ್ಧ ಗಂಟೆ ಎಂಬಂತೆ ಕಾಣುತ್ತದೆ.