ಆಮ್ಲಜನಕ ಖರ್ಚಾಯಿತು, ಎಟಿಪಿ ಎಲ್ಲಿ?

"ರೇಟ್ ಚೆನ್ನಾಗಿದೆ, ಮುಂದುವರಿಸಿ" ಎನ್ನುವ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆಕ್ಸಿಗ್ರಾಫ್ ಅಂದರೆ ಮುಚ್ಚಿದ ಚೇಂಬರ್‌ನಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಗೆರೆಯಾಗಿ ತೋರಿಸುವ ಯಂತ್ರ. ಅದರಲ್ಲಿ ಗೆರೆ ಜೋರಾಗಿ ಕೆಳಗಿಳಿದರೆ ಮೈಟೊಕಾಂಡ್ರಿಯಾ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಕಣಗಳು, ಆಮ್ಲಜನಕ ತಿನ್ನುತ್ತಿವೆ ಎಂದಷ್ಟೇ ಅರ್ಥ. ಜೀವಕೋಶ ಖರ್ಚಿಗೆ ಬಳಸುವ ಶಕ್ತಿಯ ಅಣುವಾದ ಎಟಿಪಿ ಆಗುತ್ತಿದೆಯಾ ಎನ್ನುವುದು ಬೇರೆಯೇ ಪ್ರಶ್ನೆ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ಇಲಿಯ ಲಿವರ್‌ನಿಂದ ಮೈಟೊಕಾಂಡ್ರಿಯಾ ತೆಗೆದು ಅವುಗಳ ಉಸಿರಾಟ ಅಳೆಯುವುದು ನನ್ನ ಕೆಲಸ. ಆವತ್ತು ರಿವ್ಯೂ ಕಮಿಟಿ ಬರುವುದಿತ್ತು. ಬೆಳಗ್ಗೆ ಬೇಗ ಬಂದು ಕೋಲ್ಡ್ ರೂಮ್ ಕೆಲಸ, ಸೆಂಟ್ರಿಫ್ಯೂಜ್‌ನ ಎರಡೂ ಸ್ಪಿನ್ ಮುಗಿಸಿದ್ದೆವು. ತಳದಲ್ಲಿ ಕೂತ ಮೈಟೊಕಾಂಡ್ರಿಯಾ ಪೆಲೆಟ್ ಒಳ್ಳೆ ಕಂದು ಬಣ್ಣಕ್ಕೆ ಬಂದಿತ್ತು. ಚೇಂಬರ್ ಎ-ಗೆ ಹಾಕಿದೆ. ಬೇರೆ ಇಂಧನದ ದಾರಿ ಮುಚ್ಚುವ ರೊಟೆನೋನ್, ಆಮೇಲೆ ಇಂಧನವಾಗಿ ಸಕ್ಸಿನೇಟ್. ಗೆರೆ ಸರ್ರನೆ ಇಳಿಯಿತು.

ಹಿಂದೆ ನಿಂತಿದ್ದ ನಮ್ಮ ಸರ್‌ಗೆ ಖುಷಿಯೋ ಖುಷಿ. "ನೋಡಮ್ಮ, ಎಂಥಾ ಆಕ್ಟಿವಿಟಿ! ಇದನ್ನೇ ಕಮಿಟಿಗೆ ತೋರಿಸೋಣ."

"ಸರ್, ಎಡಿಪಿ ಹಾಕದೆ ಇಷ್ಟು ಸ್ಪೀಡ್ ಬರಬಾರದು" ಅಂದೆ. ಎಟಿಪಿ ಆಗುವುದು ಎಡಿಪಿಯಿಂದಲೇ. ಎಡಿಪಿ ಹಾಕಿದೆ. ಗೆರೆ ಬಾಗಲಿಲ್ಲ. ಅದೇ ಇಳಿಜಾರು, ಒಂಚೂರೂ ವ್ಯತ್ಯಾಸವಿಲ್ಲ. ಸಿರಿಂಜ್ ಹಿಡಿದುಕೊಂಡು ಸ್ಕ್ರೀನ್ ನೋಡುತ್ತಾ ನಿಂತೆ. ಎಟಿಪಿ ಮಾಡುವ ಕಿಣ್ವವಾದ ಎಟಿಪಿ ಸಿಂಥೇಸನ್ನು ತಡೆಯುವ ಒಲಿಗೊಮೈಸಿನ್ ಹಾಕಿದೆ. ಆಗಲೂ ಇಲ್ಲ. ಎಟಿಪಿ ಸಿಂಥೇಸ್ ಬಾಗಿಲು ಮುಚ್ಚಿದರೂ ಆಮ್ಲಜನಕ ಅಷ್ಟೇ ವೇಗವಾಗಿ ಖಾಲಿಯಾಗುತ್ತಿದೆ. ಅಂದರೆ ಪ್ರೋಟಾನ್‌ಗಳು ಒಳಗೆ ಬರುವುದಕ್ಕೆ ಬೇರೆ ದಾರಿ ಸಿಕ್ಕಿದೆ.

ಇಡೀ ವಿಷಯ ನಿಂತಿರುವುದೇ ಆ ದಾರಿಯ ಮೇಲೆ. ಸಕ್ಸಿನೇಟ್ ಕೊಟ್ಟ ಎರಡು ಎಲೆಕ್ಟ್ರಾನ್ ಆಮ್ಲಜನಕ ಮುಟ್ಟುವಷ್ಟರಲ್ಲಿ ಒಳಪೊರೆಯಲ್ಲಿರುವ ಪ್ರೋಟೀನ್ ಪಂಪ್‌ಗಳು 6 ಪ್ರೋಟಾನ್ ಹೊರಗೆ ತಳ್ಳುತ್ತವೆ. ಎನ್‌ಎಡಿಎಚ್ ಎಂಬ ಇನ್ನೊಂದು ಇಂಧನದಿಂದ ಶುರುವಾದರೆ 10. ಹೀಗೆ ತಳ್ಳಿ ತಳ್ಳಿ ಪೊರೆಯ ಎರಡು ಬದಿಗೆ ಸುಮಾರು 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸ ಕಟ್ಟಿಕೊಳ್ಳುತ್ತದೆ. ಆ ಒತ್ತಡ ಜಾಸ್ತಿಯಾದಾಗ ಪಂಪ್‌ಗಳು ತಾವೇ ನಿಧಾನವಾಗುತ್ತವೆ. ಎಡಿಪಿ ಬಂದ ಮೇಲೆ ಪ್ರೋಟಾನ್‌ಗಳು ಎಟಿಪಿ ಸಿಂಥೇಸ್ ಮೂಲಕ ಒಳಗೆ ನುಗ್ಗಿ ಅದನ್ನು ತಿರುಗಿಸುತ್ತವೆ. ನಮ್ಮಂಥ ಪ್ರಾಣಿಗಳಲ್ಲಿ 8 ಪ್ರೋಟಾನ್‌ಗೆ ಒಂದು ಸುತ್ತು, ಒಂದು ಸುತ್ತಿಗೆ 3 ಎಟಿಪಿ. ಒತ್ತಡ ಇಳಿಯುತ್ತದೆ, ಪಂಪ್‌ಗಳು ಮತ್ತೆ ಜೋರಾಗುತ್ತವೆ. ಎಡಿಪಿ ಹಾಕಿದಾಗ ಗೆರೆ ಬಾಗುವುದು ಇದಕ್ಕೇ. ನನಗೆ ಬೇಕಿದ್ದದ್ದು ಆ ಬಾಗು.

ಸರ್ ಗಡಿಯಾರ ನೋಡುತ್ತಿದ್ದರು. ಕಾರಣ ಎರಡೇ ಇರಬಹುದಿತ್ತು. ಪೊರೆಯೇ ಹರಿದಿದೆ, ಇಲ್ಲವೇ ಚೇಂಬರ್‌ನಲ್ಲಿ ಏನೋ ಉಳಿದಿದೆ. ಮೊದಲನೆಯದಾದರೆ ಒಂದು ಜೀವ ಸುಮ್ನೆ ಹೋದಂತೆ. ಅದು ನನಗೆ ಯಾವತ್ತೂ ಸಹಿಸಲಾಗದ ವಿಷಯ. ಐಸ್ ಮೇಲಿದ್ದ ಅದೇ ಟ್ಯೂಬಿನಿಂದ ಚೇಂಬರ್ ಬಿ-ಗೆ ಹಾಕಿದೆ. ಸಕ್ಸಿನೇಟ್‌ಗೆ ಗೆರೆ ನಿಧಾನ. ಎಡಿಪಿ ಬಿದ್ದದ್ದೇ ತಡ, ಕಡಿದಾಗಿ ಬಾಗಿತು. ಎಡಿಪಿ ಮುಗಿದ ಮೇಲೆ ಮತ್ತೆ ಮೊದಲಿನ ನಿಧಾನ. ಆ ಎರಡು ವೇಗಗಳ ಅನುಪಾತ, ಅಂದರೆ ಆರ್‌ಸಿಆರ್, 4 ದಾಟಿತ್ತು. ಮೈಟೊಕಾಂಡ್ರಿಯಾ ಚೆನ್ನಾಗಿಯೇ ಇದ್ದವು.

ಹಿಂದಿನ ಸಂಜೆ ಹೊಸ ಹುಡುಗಿಯೊಬ್ಬಳು ಚೇಂಬರ್ ಎ-ನಲ್ಲಿ ಎಫ್‌ಸಿಸಿಪಿ ಎಂಬ ರಾಸಾಯನಿಕವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಟೈಟ್ರೇಶನ್ ಮಾಡಿ ನೀರಿನಲ್ಲಿ ತೊಳೆದು ಹೋಗಿದ್ದಳು. ಎಫ್‌ಸಿಸಿಪಿ ನೀರಿಗೆ ಬಿಡುವುದಿಲ್ಲ. ಸ್ಟಾಪರ್‌ಗೆ, ಓ-ರಿಂಗ್‌ಗೆ ಅಂಟಿಕೊಂಡು ಕೂರುತ್ತದೆ. ಮುಂದಿನ ರನ್‌ನಲ್ಲಿ ಪೊರೆಗೆ ಸೇರಿ, ಪ್ರೋಟಾನ್‌ಗಳನ್ನು ಹೊತ್ತು ಸಿಂಥೇಸ್ ಹೊರಗಿನ ದಾರಿಯಲ್ಲಿ ಒಳಗೆ ದಾಟಿಸುತ್ತದೆ. ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಇದೇ ಕೆಲಸ ಮಾಡುವ ಡಿಎನ್‌ಪಿಯನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಔಷಧಿ ಅಂತ ಮಾರಿದ್ದರು. ಮೈ ಕಾವೇರಿ ಜನ ಸತ್ತರು.

ಸರ್‌ಗೆ ಹೀಗೆ ಹೇಳಿದೆ: "ಅಪಾರ್ಟ್‌ಮೆಂಟ್ ಟ್ಯಾಂಕ್ ತೂತಾದರೆ ಮೋಟಾರ್ ದಿನವಿಡೀ ಓಡುತ್ತೆ ಸರ್, ಮನೆಗಳ ನಲ್ಲಿಯಲ್ಲಿ ಮಾತ್ರ ನೀರಿರಲ್ಲ." ಅವರು ಚೇಂಬರ್ ಎ-ನ ಗೆರೆ ತೋರಿಸುವುದನ್ನು ಬಿಟ್ಟರು. ಆದರೆ ಆ ಹುಡುಗಿಯನ್ನು ಎಲ್ಲರೆದುರು ಬೈದರು. ಅದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ. ತೊಳೆಯಲು ಆಲ್ಕೋಹಾಲ್ ಇದ್ದರೆ ತಾನೇ ತೊಳೆಯುವುದು? ಆಬ್ಸೊಲ್ಯೂಟ್ ಆಲ್ಕೋಹಾಲ್‌ಗೆ ಎಕ್ಸೈಸ್ ಪರ್ಮಿಟ್ ಬೇಕು, ಇಂಡೆಂಟ್ ಮೇಜಿನಿಂದ ಮೇಜಿಗೆ ಓಡಾಡುತ್ತದೆ. ಲಕ್ಷಗಟ್ಟಲೆಯ ಯಂತ್ರ ತರಿಸಿ, ಅದನ್ನು ತೊಳೆಯುವ ಬಾಟಲಿ ತರಿಸದಿದ್ದರೆ ಅದು ವಿದ್ಯಾರ್ಥಿಯ ತಪ್ಪಲ್ಲ.

ಪೀಟರ್ ಮಿಚೆಲ್ 1961ರಲ್ಲಿ ಪ್ರೋಟಾನ್ ಒತ್ತಡವೇ ಎಟಿಪಿ ಮಾಡಿಸುತ್ತದೆ ಎಂದಾಗ ಬಹಳ ಜನ ನಂಬಲಿಲ್ಲ. ಅವರೆಲ್ಲ ನಡುವೆ ಒಂದು ರಾಸಾಯನಿಕ ವಸ್ತು ಇರಬೇಕೆಂದು ಹುಡುಕುತ್ತಿದ್ದರು. ಮಿಚೆಲ್‌ಗೆ ನೊಬೆಲ್ ಸಿಕ್ಕಿದ್ದು 1978ರಲ್ಲಿ. ಎಫ್‌ಸಿಸಿಪಿ ಥರದವು ಪ್ರೋಟಾನ್ ಹೊರುತ್ತವೆ ಎಂಬುದು ಅವರ ವಾದಕ್ಕೆ ಸಿಕ್ಕ ಒಳ್ಳೆಯ ಆಧಾರಗಳಲ್ಲಿ ಒಂದು. ಹುಡುಗಿಗೆ ಎರಡೂ ಗೆರೆಗಳ ಪ್ರಿಂಟ್ ಕೊಟ್ಟು ಇದನ್ನೇ ಹೇಳಿದೆ.

ಈಗ ಎಫ್‌ಸಿಸಿಪಿ ಹಾಕುವ ರನ್ ದಿನದ ಕೊನೆಗೆ. ಹಾಕಿದವರು ಲಾಗ್‌ಬುಕ್‌ನಲ್ಲಿ ಕೆಂಪು ಇಂಕಿನಲ್ಲಿ ಬರೆಯಬೇಕು. ಆಲ್ಕೋಹಾಲ್ ಪಕ್ಕದ ಲ್ಯಾಬ್‌ನಿಂದ ಸಾಲ ತರುತ್ತೇವೆ. ಅದೂ ಸಿಗದ ದಿನ ಉಳಿದ ಮೈಟೊಕಾಂಡ್ರಿಯಾ ಅಥವಾ ಬಿಎಸ್‌ಎ ಎಂಬ ಪ್ರೋಟೀನ್ ಹಾಕಿ ಚೇಂಬರ್‌ನ ಸ್ಟಿರರ್ ತಿರುಗಲು ಬಿಡಿ. ಅಂಟಿದ್ದನ್ನು ಅವು ಎಳೆದುಕೊಳ್ಳುತ್ತವೆ. ಸ್ಟಾಪರ್‌ನ ತೂತಿನೊಳಗೂ ಸಿರಿಂಜ್‌ನಿಂದ ಹಾಯಿಸಿ.